ಯಾರನ್ನೂ ಬಿಟ್ಟು ಹೋಗಲ್ಲ ಅಂದವರು ಇಬ್ಬರನ್ನು ಗುಡ್ಡದಲ್ಲೇ ಬಿಟ್ಟು ಬಂದರು

"ಭಾನುವಾರ ಬೆಳಿಗ್ಗೆ 6ಕ್ಕೆ ಚಿತ್ರದುರ್ಗದ ವಿಂಡ್‌ಮಿಲ್ ಗುಡ್ಡ. 8 ಕಿ.ಮೀ. ಈಸಿ ಟ್ರೇಲ್ ರನ್. ಹೊಸಬರೂ ಬರಬಹುದು, ಯಾರನ್ನೂ ಬಿಟ್ಟು ಹೋಗಲ್ಲ. ಮುಗಿದ ಮೇಲೆ ದೋಸೆ!"

ದಾವಣಗೆರೆಯ ಒಂದು ಓಟದ ಗುಂಪಿನ ವಾಟ್ಸ್‌ಆ್ಯಪ್‌ನಲ್ಲಿ ಮಾರ್ಚ್ ತಿಂಗಳಲ್ಲಿ ಬಂದ ಸಂದೇಶ ಇದು. ಟ್ರೇಲ್ ರನ್ ಅಂದರೆ ಡಾಂಬರು ರಸ್ತೆ ಬಿಟ್ಟು ಗುಡ್ಡದ ಜಾಡಿನಲ್ಲಿ ಓಡುವುದು. ಗುಡ್ಡ ಹತ್ತಿದವರು 23 ಜನ, ಹೋಟೆಲಿನಲ್ಲಿ ದೋಸೆಗೆ ಕೂತವರು 21. ಇಬ್ಬರು ಕಮ್ಮಿ ಅಂತ ಗೊತ್ತಾಗಿದ್ದು ಹತ್ತೂಮುಕ್ಕಾಲಿಗೆ, ಬಿಲ್ಲು ಹಂಚಿಕೊಳ್ಳುವಾಗ. ಒಬ್ಬ ಹುಡುಗ ಕಾಲು ಉಳುಕಿ ಇಳಿಜಾರಿನಲ್ಲಿ ಕೂತಿದ್ದ. ಮೊದಲ ಸಲ ಬಂದಿದ್ದ ಒಬ್ಬ ಹೆಣ್ಣುಮಗಳು ವಿಂಡ್‌ಮಿಲ್ ಕಂಬದ ನೆರಳಿನಲ್ಲಿ ವಾಂತಿ ಮಾಡಿಕೊಂಡು ಕುಸಿದಿದ್ದರು. ಹನ್ನೆರಡರ ಹೊತ್ತಿಗೆ ಆಕೆಯನ್ನು ಕಂಡು ನೀರು ಕೊಟ್ಟವನು ಕುರಿ ಕಾಯುವ ಹುಡುಗ. ಆಕೆ ಆಸ್ಪತ್ರೆಯಲ್ಲಿ ಎರಡು ಬಾಟಲಿ ಡ್ರಿಪ್ ಹಾಕಿಸಿಕೊಂಡು ಸಂಜೆ ಮನೆಗೆ ಹೋದರು, ಅಷ್ಟರಮಟ್ಟಿಗೆ ಪುಣ್ಯ. ಗುಂಪಿನ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಈ ತಪ್ಪು ಮಾಡದ ಗುಂಪು ಹುಡುಕುವುದೇ ಕಷ್ಟ.

ಮೊದಲ ಎಡವಟ್ಟು ಆ "8 ಕಿ.ಮೀ." ಮನೆಯಲ್ಲಿ ಕೂತು ಸ್ಯಾಟಲೈಟ್ ಮ್ಯಾಪಿನ ಮೇಲೆ ಹತ್ತು ಚುಕ್ಕೆ ಇಟ್ಟು ಗೆರೆ ಎಳೆದರೆ ಆ್ಯಪ್ ಚುಕ್ಕೆಯಿಂದ ಚುಕ್ಕೆಗೆ ನೇರ ಅಳೆಯುತ್ತೆ. ನೆಲದ ಮೇಲಿನ ಜಾಡು ಬಂಡೆ ಸುತ್ತಿ, ಜಾಲಿ ಮೆಳೆ ಬಳಸಿ ಹೋಗುತ್ತೆ. ಅವತ್ತು ವಾಚುಗಳು ತೋರಿಸಿದ್ದು 11.6 ಕಿ.ಮೀ., ಒಟ್ಟು ಏರು 340 ಮೀಟರ್. ರಸ್ತೆಯಲ್ಲಿ ಕಿಲೋಮೀಟರಿಗೆ 7 ನಿಮಿಷ ಓಡುವವರಿಗೆ ಇಂಥ ಜಾಡಿನಲ್ಲಿ 10 ನಿಮಿಷ ಹಿಡಿಯಿರಿ, ಪ್ರತಿ 100 ಮೀಟರ್ ಏರಿಗೆ ಇನ್ನೂ 10 ನಿಮಿಷ ಸೇರಿಸಿ. ಎರಡೂವರೆ ಗಂಟೆಯ ಕೆಲಸ. ಜನ ಒಂದು ಗಂಟೆಯ ಲೆಕ್ಕದಲ್ಲಿ ಕೈಯಲ್ಲಿ ಅರ್ಧ ಲೀಟರ್ ಬಾಟಲಿ ಹಿಡಿದು ಬಂದಿದ್ದರು. ದಾವಣಗೆರೆಯಿಂದ 60 ಕಿ.ಮೀ. ಹೈವೇ, ನಡುವೆ ಚಹಾ, ಗ್ರೂಪ್ ಫೋಟೋ ಎಲ್ಲ ಮುಗಿದು ಹೊರಟಾಗ 7:10. ಈ ಗುಡ್ಡಗಳಲ್ಲಿ ಮಾರ್ಚ್ ತಿಂಗಳ ಒಂಬತ್ತು ಗಂಟೆ ಅಂದರೆ ಮೇಲಿಂದ ಬಿಸಿಲು, ಕೆಳಗಿಂದ ಕಾದ ಬಂಡೆ. ಕುಡಿಯಲು ಹಳ್ಳದಲ್ಲಿ ಒಂದು ಹನಿ ಇರಲ್ಲ.

ಎರಡನೆಯದು ವಿಂಡ್‌ಮಿಲ್ ದಾರಿ. ನೋಡೋಕೆ ಅಗಲವಾದ, ಓಡೋಕೆ ಹೇಳಿ ಮಾಡಿಸಿದಂಥ ಮಣ್ಣಿನ ರಸ್ತೆ. ಆದರೆ ಗುಡ್ಡದ ಬೆನ್ನಿನ ಮೇಲಿನ ಮುಖ್ಯ ದಾರಿಯಿಂದ ಒಂದೊಂದು ಫ್ಯಾನಿಗೂ ಒಂದೊಂದು ಕವಲು ಒಡೆಯುತ್ತೆ, ಆ ಕವಲು ಕಂಬದ ಬುಡದಲ್ಲೇ ಮುಗಿಯುತ್ತೆ. ಎಲ್ಲ ಕವಲೂ ಒಂದೇ ಥರ. ಅಲ್ಲಿಂದ ಮುಂದೆ ಕಾಣುವ ಸಣ್ಣ ಜಾಡು ಕುರಿ ಮೇಕೆಗಳದ್ದು, ಇನ್ನೂರು ಮೀಟರ್ ಕರೆದೊಯ್ದು ಪೊದೆಯಲ್ಲಿ ಕೈಬಿಡುತ್ತೆ. ರೆಕ್ಕೆಯ ಸದ್ದು, ಗಾಳಿಯ ಸದ್ದು ಸೇರಿ ಕೂಗಿದ್ದು ಐವತ್ತು ಹೆಜ್ಜೆ ಆಚೆ ಕೇಳಲ್ಲ. ಆಕೆ ತಪ್ಪಿದ್ದು ಇಂಥ ಒಂದು ಕವಲಿನಲ್ಲೇ. ದಾರಿ ತೋರಿಸುವ ರೂಟ್ ಫೈಲ್ ಇದ್ದದ್ದು ಮುಂದೆ ಓಡುತ್ತಿದ್ದ ಒಬ್ಬನ ಫೋನಿನಲ್ಲಿ ಮಾತ್ರ.

ಇನ್ನು ಅಸಲಿ ವಿಷಯ. "ಯಾರನ್ನೂ ಬಿಟ್ಟು ಹೋಗಲ್ಲ" ಅನ್ನೋದು ಒಳ್ಳೆಯ ಮನಸ್ಸಿನ ಮಾತು, ಅದರ ಹಿಂದೆ ಒಬ್ಬ ಮನುಷ್ಯ ಇಲ್ಲದಿದ್ದರೆ ಮಾತಷ್ಟೇ. ಆ ದಿನ ಹಿಂದೆ ಯಾರೂ ಇರಲಿಲ್ಲ. "ನಿಧಾನಕ್ಕೆ ಬರೋರ ಜೊತೆ ಯಾರಾದ್ರೂ ಇರ್ತಾರೆ" ಅಂತ ಎಲ್ಲರೂ ಅಂದುಕೊಂಡರು. ಕೆಳಗೆ ಬಂದಾಗ ಹುಡುಗನ ಬೈಕ್ ಇನ್ನೂ ನಿಂತಿತ್ತು, ಯಾರೂ ನೋಡಲಿಲ್ಲ. ಆಕೆ ಬಂದಿದ್ದ ಕಾರಿನವರು "ಇನ್ನೊಂದು ಕಾರಿನಲ್ಲಿ ಹೋಗಿರಬೇಕು" ಅಂದುಕೊಂಡು ಹೊರಟರು.

ಸ್ವೀಪರ್ ಅಂದರೆ ಕೊನೆಯವರ ಹಿಂದೆ ಓಡುವವರು. ಈ ಕೆಲಸಕ್ಕೆ ಹೇಗೂ ನಿಧಾನ ಇದ್ದಾನಲ್ಲ ಅಂತ ಸುಸ್ತಾಗುವವನನ್ನೇ ಹಾಕುತ್ತಾರೆ. ತಪ್ಪು. ಗುಂಪಿನ ಗಟ್ಟಿ ಆಳು, ದಾರಿ ಬಲ್ಲವರು ಹಿಂದಿರಬೇಕು. ಅವರ ಬ್ಯಾಗಿನಲ್ಲಿ 2 ಲೀಟರ್ ಹೆಚ್ಚುವರಿ ನೀರು, ನಾಲ್ಕು ಪೊಟ್ಟಣ ಓಆರ್‌ಎಸ್, 10 ಸೆಂ.ಮೀ. ಅಗಲದ ಕ್ರೇಪ್ ಬ್ಯಾಂಡೇಜು, ಸೀಟಿ, ಪವರ್ ಬ್ಯಾಂಕ್, ಮುಳ್ಳು ಕೀಳುವ ಚಿಮಟ. ಲೀಟರ್ ಪೊಟ್ಟಣದ ಓಆರ್‌ಎಸ್ ಒಂದು ಲೀಟರಿಗೇ ಕಲಸಬೇಕು. ಗಟ್ಟಿಯಾಗಿ ಕಲಸಿ ಗಟಗಟ ಕುಡಿಸಿದರೆ ವಾಂತಿ ಹೆಚ್ಚಾಗುತ್ತೆ.

ಪ್ರತಿ ಕವಲಿನಲ್ಲೂ ಮುಂದಿನವರು ನಿಲ್ಲಬೇಕು, ಸ್ವೀಪರ್ ಬಂದ ಮೇಲೇ ಹೊರಡಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಸಾಮಾನ್ಯವಾಗಿ ಕೊನೆಯವರು ಏದುಸಿರು ಬಿಡುತ್ತಾ ಬಂದ ತಕ್ಷಣ "ಸರಿ, ನಡೀರಿ" ಅಂತ ಹೊರಡುತ್ತಾರೆ. ಐದು ನಿಮಿಷ ಸುಧಾರಿಸಿಕೊಂಡವರು ಮುಂದಿನವರು, ಸೊನ್ನೆ ನಿಮಿಷ ಸಿಕ್ಕಿದ್ದು ನಿಜಕ್ಕೂ ಬೇಕಾದವರಿಗೆ. ಎರಡು ಕವಲಿನಲ್ಲಿ ಹೀಗಾದರೆ ಮೂರನೆಯದಕ್ಕೆ ಅವರೇ "ನೀವು ಹೋಗ್ತಾ ಇರಿ" ಅಂತಾರೆ. ಆ ಮಾತು ಕೇಳಿ ಹೋಗಬೇಡಿ. ಕೊನೆಯವರು ಬಂದ ಮೇಲೆ ಗಡಿಯಾರ ನೋಡಿ ಮೂರು ನಿಮಿಷ.

ಎಣಿಕೆಗೆ ಆ್ಯಪ್ ಬೇಡ. ಹೊರಡುವಾಗ ಒಂದರಿಂದ 23ರ ತನಕ ಒಬ್ಬೊಬ್ಬರೂ ತಮ್ಮ ನಂಬರ್ ಕೂಗಲಿ, ಗುಡ್ಡದ ತುದಿಯಲ್ಲಿ ಇನ್ನೊಮ್ಮೆ, ಕೆಳಗೆ ಬಂದ ಮೇಲೆ ಮತ್ತೊಮ್ಮೆ. ಯಾರು ಯಾವ ಗಾಡಿಯಲ್ಲಿ ಬಂದರು ಅಂತ ಒಂದು ಚೀಟಿಯಲ್ಲಿ ಬರೆದಿರಲಿ. ನಡುವೆ ವಾಪಸ್ ಹೋಗುವವರು ಸ್ವೀಪರ್‌ಗೆ ಮುಖತಃ ಹೇಳಿ ಹೋಗಲಿ, ವಾಟ್ಸ್‌ಆ್ಯಪ್ ಸಂದೇಶ ನಂಬಬೇಡಿ, ಗುಡ್ಡದ ಹಿಂಬದಿಯಲ್ಲಿ ಸಿಗ್ನಲ್ ಸತ್ತಿರುತ್ತೆ. ವಾಪಸ್ ತಿರುಗುವ ಹೊತ್ತೂ ಮೊದಲೇ ಗೊತ್ತಾಗಿರಲಿ: ಎಲ್ಲೇ ಇದ್ದರೂ 8ಕ್ಕೆ ತಿರುಗಬೇಕು.

ನೀರು ಗಂಟೆಗೆ ಅರ್ಧ ಲೀಟರ್, ಅದರ ಮೇಲೆ ಅರ್ಧ ಲೀಟರ್ ಆಪದ್ಧನ. ರೋಡ್ ಶೂ ಹಾಕಿಕೊಂಡು ಬಂಡೆಯ ಮೇಲಿನ ಗರಸು ಮಣ್ಣಿನಲ್ಲಿ ಇಳಿದರೆ ಗೋಲಿಯ ಮೇಲೆ ಕಾಲಿಟ್ಟ ಹಾಗೆ. ಹುಡುಗನ ಕಾಲು ಉಳುಕಿದ್ದೂ ಹಾಗೆಯೇ. ಜಾಲಿ ಮುಳ್ಳಂತೂ ಮೆತ್ತನೆಯ ಅಟ್ಟೆ ದಾಟಿ ಪಾದಕ್ಕೇ ಬರುತ್ತೆ.

ಕರಡಿಯ ಮಾತನ್ನು ತಮಾಷೆ ಮಾಡಬೇಡಿ. ಚಿತ್ರದುರ್ಗದ ಕಲ್ಲುಗುಡ್ಡಗಳಲ್ಲಿ ಕರಡಿ, ಚಿರತೆ ಎರಡೂ ಇವೆ. ಗುಂಪಿನ ಸದ್ದಿಗೆ ತಾನೇ ಸರಿದು ಹೋಗುವ ಕರಡಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಒಬ್ಬಂಟಿಗೆ ತಿರುವಿನಲ್ಲಿ ಎದುರಾದರೆ ಬೆಚ್ಚಿ ಮೇಲೆ ಬೀಳುತ್ತೆ. ಜೋಗಿಮಟ್ಟಿ ಕಡೆ ಹೋಗುವುದಾದರೆ ಅದು ವನ್ಯಜೀವಿಧಾಮ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಟ್ಟರೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. "ನಿಮ್ಮ ನಿಮ್ಮ ಜವಾಬ್ದಾರಿ" ಅಂತ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹೆಬ್ಬೆರಳಿನ ಇಮೋಜಿ ಒತ್ತಿಸಿಕೊಂಡರೆ ಅದು ಅನುಮತಿ ಆಗಲ್ಲ.

ದಾರಿ ತಪ್ಪಿದ್ದು ನೀವೇ ಆದರೆ ಹುಡುಕುತ್ತಾ ಅಲೆಯಬೇಡಿ, ನೆರಳು ಹಿಡಿದು ಕೂತು ಸೀಟಿ ಮೂರು ಮೂರು ಸಲ ಊದಿ. ಪಕ್ಕದಲ್ಲೇ ಫ್ಯಾನ್ ಕಾಣುತ್ತಿದ್ದರೆ ಅದರ ಬುಡದ ತನಕ ಮಾತ್ರ ಹೋಗಿ ನೋಡಿ, ಕಂಬದ ಮೇಲೆ ಸಾಮಾನ್ಯವಾಗಿ ಒಂದು ನಂಬರ್ ಬರೆದಿರುತ್ತೆ. 112ಕ್ಕೆ ಕರೆ ಸಿಕ್ಕರೆ ಆ ನಂಬರ್ ಹೇಳಿ, ಫ್ಯಾನ್ ಕಾಯುವವರಿಗೆ ಅದು ಮನೆ ನಂಬರ್ ಇದ್ದ ಹಾಗೆ. ಜೊತೆಯಲ್ಲಿದ್ದವರು ಬಿಸಿಲು ಬಡಿದು ತೊದಲಿದರೆ, ಸಂಬಂಧವಿಲ್ಲದ ಮಾತಾಡಿದರೆ ಆಂಬುಲೆನ್ಸಿಗೆ ಕಾಯುತ್ತಾ ಕೂರಬೇಡಿ: ನೆರಳಿಗೆ ಎಳೆದು, ಇರುವ ನೀರನ್ನೆಲ್ಲ ಬಾಯಿಗಲ್ಲ, ತಲೆ, ಕುತ್ತಿಗೆ, ಕಂಕುಳಿಗೆ ಸುರಿದು ಟೀ ಶರ್ಟಿನಿಂದ ಗಾಳಿ ಬೀಸಿ.