ಜಾಂಗೋ ಕಲಿಯಲು ಅದರದೇ ಎಂಟು ಪಾಠ ಸಾಕೇ?

ರಾಯಚೂರಿನಲ್ಲಿ ಬಿಸಿಎ, ಡಿಪ್ಲೊಮಾ ಮುಗಿಸಿ ವೆಬ್ ಕೆಲಸ ಕಲಿಯಬೇಕೆನ್ನುವವರು ಕೋಚಿಂಗಿಗೆ ಫೀಸು ಕಟ್ಟುವ ಮೊದಲು ಜಾಂಗೋದವರೇ (ಜಾಂಗೋ ಎಂದರೆ ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಸಿದ್ಧ ಚೌಕಟ್ಟು) ಬರೆದಿಟ್ಟ ಟ್ಯುಟೋರಿಯಲ್ ಒಮ್ಮೆ ತೆರೆಯಿರಿ. ಪುಕ್ಕಟೆ. 'ಪೋಲ್ಸ್' ಎಂಬ ಮತ ಹಾಕುವ ಪುಟ್ಟ ಆಪ್ ಕಟ್ಟಿಸುತ್ತಾ ಎಂಟು ಭಾಗಗಳಲ್ಲಿ ಮುಗಿಯುತ್ತದೆ. ಕನ್ನಡ ಅನುವಾದವಿಲ್ಲ, ಆದರೆ ಇಂಗ್ಲಿಷ್ ಸರಳ. ಪೈಥಾನಿನ ಕ್ಲಾಸ್, ಫಂಕ್ಷನ್, ಇಂಪೋರ್ಟ್ ಬಾರದವರು ಮಾತ್ರ ಈಗಲೇ ಕೈ ಹಾಕಬೇಡಿ.

ಎಡವುವುದು ಪಾಠಕ್ಕೂ ಮುಂಚೆ, ಇನ್‌ಸ್ಟಾಲ್ ಮಾಡುವಾಗ. ಪೈಥಾನ್ ಹಾಕುವಾಗ 'ಪಾತ್'ಗೆ (ವಿಂಡೋಸ್ ಕಮಾಂಡ್‌ಗಳನ್ನು ಹುಡುಕುವ ಪಟ್ಟಿ) ಸೇರಿಸುವ ಟಿಕ್ ಮರೆತರೆ, ಕಮಾಂಡ್ ಕಿಟಕಿಯಲ್ಲಿ ಪೈಥಾನ್ ಎಂದು ಟೈಪಿಸಿದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ. ಪವರ್‌ಶೆಲ್‌ನಲ್ಲಿ ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಪ್ರಾಜೆಕ್ಟಿನ ಪ್ಯಾಕೇಜ್‌ಗಳಿಗೇ ಮೀಸಲಾದ ಜಾಗ) ಆಕ್ಟಿವೇಟ್ ಮಾಡಲು ಹೋದರೆ ಸ್ಕ್ರಿಪ್ಟ್ ಓಡಿಸಲು ಅನುಮತಿಯಿಲ್ಲವೆಂದು ಕೆಂಪಕ್ಷರ ಬರಬಹುದು. ಅದಕ್ಕೆ ತಲೆ ಕೆಡಿಸಿಕೊಳ್ಳದೆ ಕಮಾಂಡ್ ಪ್ರಾಂಪ್ಟ್ ಬಳಸಿ. ವಿಂಡೋಸ್ 7 ಇರುವ ಹಳೆಯ ಕಂಪ್ಯೂಟರಾದರೆ ಪೈಥಾನ್ 3.8ಕ್ಕಿಂತ ಮುಂದೆ ಹೋಗದು, ಹಾಗಾಗಿ ಜಾಂಗೋ 4.2ಕ್ಕೇ ನಿಲ್ಲಬೇಕು. ಆಗ ಪಾಠದ ಪುಟದ ಕೆಳಗೆ ಬಲಮೂಲೆಯಲ್ಲಿ ಆವೃತ್ತಿಯನ್ನೂ 4.2 ಮಾಡಿಕೊಳ್ಳಿ. ಪಾಠ ಒಂದು, ಪ್ಯಾಕೇಜ್ ಇನ್ನೊಂದು ಆದರೆ ಇಲ್ಲದ ತಪ್ಪು ಹುಡುಕುತ್ತಾ ಕೂರಬೇಕಾಗುತ್ತದೆ. ಡೌನ್‌ಲೋಡಿನ ಚಿಂತೆ ಬೇಡ: ಜಾಂಗೋ ಸುಮಾರು 8 ಎಂಬಿ, ಮೊಬೈಲ್ ಹಾಟ್‌ಸ್ಪಾಟ್ ಸಾಕು. ಪಾಠವನ್ನು ಪಿಡಿಎಫ್ ಆಗಿಯೂ ಇಳಿಸಿಕೊಳ್ಳಬಹುದು. ಡೇಟಾಬೇಸ್ ಪೈಥಾನ್ ಜೊತೆಗೇ ಬರುವ ಎಸ್‌ಕ್ಯೂಲೈಟ್ ಆದ್ದರಿಂದ, ಎಂಟನೇ ಭಾಗದಲ್ಲಿ ಹೆಚ್ಚುವರಿ ಪ್ಯಾಕೇಜ್ ಇಳಿಸುವುದು ಬಿಟ್ಟರೆ, ಆಮೇಲೆ ನೆಟ್ ಇಲ್ಲದೆಯೂ ಕೆಲಸ ಸಾಗುತ್ತದೆ.

ಎರಡನೇ ಭಾಗ ಎಲ್ಲಕ್ಕಿಂತ ಗಟ್ಟಿ. ಮಾಡೆಲ್ (ಡೇಟಾಬೇಸಿನಲ್ಲಿ ಏನೇನು ಇರಬೇಕೆಂದು ಹೇಳುವ ಕೋಡ್) ಬದಲಿಸಿದ ಮೇಲೆ ಮೊದಲು ಮೇಕ್‌ಮೈಗ್ರೇಷನ್ಸ್, ಆಮೇಲೆ ಮೈಗ್ರೇಟ್. ಎರಡು ಕಮಾಂಡ್ ಯಾಕೆಂದು ಹೊಸಬರು ಕೇಳುತ್ತಲೇ ಇರುತ್ತಾರೆ. ಗಂಜ್‌ನಲ್ಲಿ ಚೀಟಿ ಬರೆದ ಮಾತ್ರಕ್ಕೆ ಚೀಲ ಗೋದಾಮಿಗೆ ಹೋಗುವುದಿಲ್ಲವಲ್ಲ, ಹಾಗೆ: ಮೊದಲನೆಯದು ಬದಲಾವಣೆಯನ್ನು ಫೈಲಿನಲ್ಲಿ ಬರೆದಿಡುತ್ತದೆ, ಎರಡನೆಯದು ಅದನ್ನು ಡೇಟಾಬೇಸಿಗೆ ಇಳಿಸುತ್ತದೆ. 'ನೋ ಚೇಂಜಸ್ ಡಿಟೆಕ್ಟೆಡ್' ಎಂದರೆ ಆಪ್ ಹೆಸರು ಸೆಟ್ಟಿಂಗ್ಸ್ ಫೈಲಿನ ಇನ್‌ಸ್ಟಾಲ್ಡ್ ಆಪ್ಸ್ ಪಟ್ಟಿಯಲ್ಲಿ ಇಲ್ಲ, ಇಲ್ಲವೇ ಫೈಲ್ ಸೇವ್ ಆಗಿಲ್ಲ. ಇದೇ ಭಾಗದ ಕೋಡಿನಲ್ಲಿ ಬೇಕೆಂದೇ ಒಂದು ಬಗ್ ಬಿಟ್ಟಿದ್ದಾರೆ: ನಾಳೆಯ ದಿನಾಂಕದ ಪ್ರಶ್ನೆಯನ್ನೂ 'ಇತ್ತೀಚಿನದು' ಎನ್ನುತ್ತದೆ. ಐದನೇ ಭಾಗದಲ್ಲಿ ಟೆಸ್ಟ್ ಬರೆಸಿ ಅದನ್ನು ಹಿಡಿಸುತ್ತಾರೆ. ಟೆಸ್ಟ್ ಯಾಕೆ ಬೇಕೆಂದು ತೋರಿಸಲು ಇದಕ್ಕಿಂತ ಜಾಣ ದಾರಿ ಕಾಣೆ.

ಮೂರನೇ ಭಾಗದಲ್ಲಿ ಟೆಂಪ್ಲೇಟ್ (ಪುಟದ ಎಚ್‌ಟಿಎಂಎಲ್ ಅಚ್ಚು) ಸಿಗುತ್ತಿಲ್ಲವೆಂಬ ಎರರ್ ಬಂದರೆ ಫೋಲ್ಡರ್ ನೋಡಿ. ಪೋಲ್ಸ್ ಒಳಗೆ ಟೆಂಪ್ಲೇಟ್ಸ್, ಅದರೊಳಗೆ ಮತ್ತೊಂದು ಪೋಲ್ಸ್ ಇರಬೇಕು. ಎರಡು ಸಲ ಬಂದದ್ದು ಅಚ್ಚಿನ ತಪ್ಪಲ್ಲ. ಬೇರೆ ಆಪ್‌ಗಳ ಅದೇ ಹೆಸರಿನ ಟೆಂಪ್ಲೇಟ್ ಜೊತೆ ಕಲಸದಿರಲೆಂದು.

ನಾಲ್ಕನೆಯದೇ ಸೋತ ಭಾಗ. ಫಾರಂನಲ್ಲಿ ಸಿಎಸ್‌ಆರ್‌ಎಫ್ ಟೋಕನ್ (ಬೇರೆ ಸೈಟಿನಿಂದ ಕಳ್ಳ ಫಾರಂ ಬಾರದಂತೆ ತಡೆಯುವ ಗುರುತು) ಬಿಟ್ಟರೆ 403, ಅಂದರೆ 'ಅನುಮತಿಯಿಲ್ಲ' ಎಂಬ ಎರರ್ ಬರುತ್ತದೆ, ಅದು ಸರಿಯೇ. ಆದರೆ ಕಷ್ಟಪಟ್ಟು ಬರೆಸಿದ ವ್ಯೂಗಳನ್ನು (ಪುಟ ಕೇಳಿದಾಗ ಉತ್ತರ ಕೊಡುವ ಕೋಡ್) ಅಲ್ಲೇ ಅಳಿಸಿ ಜಾಂಗೋದಲ್ಲೇ ಸಿದ್ಧವಿರುವ ಜೆನೆರಿಕ್ ವ್ಯೂ ತರುತ್ತಾರೆ, ವಿವರಣೆ ಅವಸರದ್ದು. ಡೀಟೇಲ್, ರಿಸಲ್ಟ್ಸ್ ಎರಡರ ಯುಆರ್‌ಎಲ್‌ನಲ್ಲಿ 'ಕ್ವಶ್ಚನ್ ಐಡಿ' ಇದ್ದಲ್ಲಿ 'ಪಿಕೆ' (ಪ್ರೈಮರಿ ಕೀ) ಮಾಡಲು ಮರೆತವರಿಗೆ ಮುಂದೆ ದಾರಿ ಕಾಣದು. ಆರು, ಏಳು, ಎಂಟು ಸಲೀಸು. ಹೊಸ ಬಳಕೆದಾರರ ನೋಂದಣಿ ಇದರಲ್ಲಿಲ್ಲ. ಸರ್ವರಿಗೆ ಏರಿಸುವುದೂ ಇಲ್ಲ, ಅದಕ್ಕೆ ಬೇರೆ ಪುಟಗಳಿವೆ.

ಖುಷಿಯ ಮಾತು: ಸೆಟ್ಟಿಂಗ್ಸ್‌ನಲ್ಲಿ ಲ್ಯಾಂಗ್ವೇಜ್ ಕೋಡ್ 'ಕೆಎನ್' ಎಂದು ಬದಲಿಸಿದರೆ ಅಡ್ಮಿನ್ ಪುಟ (ಡೇಟಾ ಸೇರಿಸಿ ತಿದ್ದುವ ಪುಟ) ಕನ್ನಡದಲ್ಲಿ ಮಾತಾಡುತ್ತದೆ, ಅಲ್ಲಲ್ಲಿ ಇಂಗ್ಲಿಷ್ ಉಳಿದರೂ. ಟೈಮ್ ಝೋನ್ 'ಏಷ್ಯಾ/ಕೋಲ್ಕತಾ' ಮಾಡದಿದ್ದರೆ ವೇಳೆ ಐದೂವರೆ ತಾಸು ಹಿಂದೆ ತೋರಿಸುತ್ತದೆ.

ಸಿಕ್ಕಿಬಿದ್ದಾಗ ಬಲ್ಲವರಿಗೆ ವಾಟ್ಸಾಪ್‌ನಲ್ಲಿ ಸ್ಕ್ರೀನಿನ ಮಸುಕು ಫೋಟೋ ಹಾಕಿ 'ಸರ್, ಎರರ್ ಬರಾಕತ್ತದ' ಎಂದರೆ ಯಾರಿಗೂ ಏನೂ ತಿಳಿಯದು. ಎರರ್ ಪುಟದಲ್ಲೇ ಕಾಪಿ ಮಾಡಲೆಂದು ಇರುವ ಪಠ್ಯದ ನೋಟಕ್ಕೆ ಬದಲಿಸಿ. ಅದನ್ನು ಪೂರ್ತಿ ಕಳಿಸಿ, ಜೊತೆಗೆ ಕೊನೆಗೆ ಮುಟ್ಟಿದ ಫೈಲು, ಜಾಂಗೋ ಆವೃತ್ತಿ ಬರೆಯಿರಿ. ಸೆಟ್ಟಿಂಗ್ಸ್ ಫೈಲ್ ಕಳಿಸುವುದಾದರೆ ಸೀಕ್ರೆಟ್ ಕೀ (ಆಪ್‌ನ ಗುಟ್ಟಿನ ಸಂಕೇತ) ಸಾಲು ಅಳಿಸಿಯೇ ಕಳಿಸಿ.