52ರಲ್ಲಿ 27 ಕಳೆಯಲು ಕಡ್ಡಿಯೇ, ಮಣಿಕಟ್ಟೇ?

52ರಲ್ಲಿ 27 ಕಳೆಯಿರಿ ಎಂದರೆ ನನ್ನ ಮೂರನೇ ತರಗತಿಯ ಅರ್ಧಕ್ಕೂ ಹೆಚ್ಚು ಮಕ್ಕಳು 35 ಎಂದು ಬರೆಯುತ್ತಿದ್ದರು. ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಎರಡು ಹೋದರೆ ಮೂರು. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕೆಂದು ನಾವೇ ಕಲಿಸಿದ್ದನ್ನು ಪಾಪ, ನಿಷ್ಠೆಯಿಂದ ಪಾಲಿಸುತ್ತಿದ್ದರು. ಹಾಗಾಗಿ ಇದೇ ಲೆಕ್ಕವನ್ನು ನಾಲ್ಕು ಬಗೆಯ ವಸ್ತುಗಳಲ್ಲಿ ಮಾಡಿಸಿ ನೋಡಿದೆ.

ಹುಣಸೆ ಬೀಜದಲ್ಲಿ ಉತ್ತರವೇನೋ ಸರಿಯಾಗಿ ಬಂತು. ಆದರೆ ಮಕ್ಕಳು 52 ಎಣಿಸಿ, 27 ಸರಿಸಿ, ಉಳಿದದ್ದನ್ನು ಒಂದೊಂದಾಗಿ ಎಣಿಸಿದರು. ಹತ್ತರ ಸುದ್ದಿಯೇ ಇಲ್ಲ. ಒಂದನೇ ತರಗತಿಗೆ ಸಾಕು.

ಮಣಿಕಟ್ಟಿನ ಮೇಲೆ, ಅಂದರೆ ಕಂಬಿಗಳಿಗೆ ಮಣಿ ಹಾಕಿ ಎಣಿಸುವ ಅಬಾಕಸ್ ಮೇಲೆ, ನನಗೆ ಬಹಳ ಭರವಸೆಯಿತ್ತು. ಅಲ್ಲಿ ಹತ್ತರ ಮಣಿಯೂ ಬಿಡಿಯ ಮಣಿಯೂ ಒಂದೇ ಗಾತ್ರ. "ಒಂದು ತೆಗೆದು ಹತ್ತು ಯಾಕೆ ಹಾಕಬೇಕು ಮಿಸ್?" ಎಂದು ಒಬ್ಬ ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಮೇಲಾಗಿ, ಒಂಬತ್ತೇ ಮಣಿ ಹಿಡಿಯುವ ಕಂಬಿಯಲ್ಲಿ ಹನ್ನೆರಡು ಇಡಲು ಜಾಗವೂ ಇರಲಿಲ್ಲ.

ತೆಂಗಿನ ಗರಿಯ ಕಡ್ಡಿಗಳನ್ನು ಗೇಣುದ್ದ ಕತ್ತರಿಸಿ ಕೊಟ್ಟೆ. ಹತ್ತು ಹತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದವರು ಮಕ್ಕಳೇ. ಎಲ್ಲ ವ್ಯತ್ಯಾಸವೂ ಇಲ್ಲೇ ಆಯಿತು. ಐದು ಕಟ್ಟು, ಎರಡು ಬಿಡಿ. ಏಳು ಬಿಡಿ ಕೊಡಬೇಕು. ಸ್ವಲ್ಪ ಹೊತ್ತು ಮೌನ. ಆಮೇಲೆ ಒಬ್ಬಳು, "ಮಿಸ್, ಒಂದು ಕಟ್ಟು ಬಿಚ್ಚಲೇ?" ಎಂದಳು. ನಾನು ಹೇಳಿಕೊಟ್ಟಿರಲಿಲ್ಲ! ಬಿಚ್ಚಿದಾಗ ಹನ್ನೆರಡು ಬಿಡಿಯಾದವು. ಏಳು ಕೊಟ್ಟಳು, ಐದು ಉಳಿದವು. ಮಿಕ್ಕ ನಾಲ್ಕು ಕಟ್ಟುಗಳಲ್ಲಿ ಎರಡು ಕೊಟ್ಟಳು. ಹಲಗೆಯ ಮೇಲೆ 5 ಹೊಡೆದು 4 ಬರೆಯುವುದೇಕೆಂದು ಆ ದಿನ ತರಗತಿಗೆ ಅರ್ಥವಾಯಿತು. ರಬ್ಬರ್ ಬ್ಯಾಂಡುಗಳು ವಾರದಲ್ಲಿ ಮಾಯವಾದವು, ಬಾಳೆ ನಾರಿಗೆ ಬದಲಾದೆವು.

ಪ್ಲಾಸ್ಟಿಕ್ಕಿನ ಘನಗಳು, ಅಂದರೆ 1 ಸೆಂ.ಮೀ. ಬಿಡಿ, 10 ಸೆಂ.ಮೀ. ಪಟ್ಟಿ, ನೂರರ ಫಲಕ, ನೋಡಲು ಬಲು ಅಂದ. ಆದರೆ ಪಟ್ಟಿಯನ್ನು ಬಿಡಿಸಲಾಗದು, ಕೊಟ್ಟು ಹತ್ತು ಬಿಡಿ ಪಡೆಯಬೇಕು. ಮೊದಲೇ ಕೊಟ್ಟಿದ್ದಾಗ ಮಕ್ಕಳು ತಬ್ಬಿಬ್ಬಾದರು. ಎರಡು ವಾರ ಕಡ್ಡಿ ಬಿಚ್ಚಿ ಕಟ್ಟಿದ ಮೇಲೆ ಸಲೀಸಾಗಿ ಒಪ್ಪಿಕೊಂಡರು. 304ರಲ್ಲಿ 128 ಕಳೆಯುವಂಥ ಲೆಕ್ಕಕ್ಕೆ ಘನಗಳೇ ಬೇಕು, ಮುನ್ನೂರು ಕಡ್ಡಿ ಹರಡಲು ನಮ್ಮ ಕೋಣೆ ಸಾಲದು. ಸಾವಿರದ ಘನದ ಗಾತ್ರ ಸರಿಯಾಗಿ ಒಂದು ಲೀಟರ್ ಎಂಬುದು ಮುಂದಿನ ಪಾಠಕ್ಕೂ ಒದಗುತ್ತದೆ.

ಇಬ್ಬರು ಮಕ್ಕಳು ಇನ್ನೂ 35 ಎಂದೇ ಬರೆಯುತ್ತಾರೆ. ಅವರ ಕೈಗೆ ಮತ್ತೆ ಕಡ್ಡಿ ಕೊಟ್ಟಿದ್ದೇನೆ.