ಖಾಲಿ ಸ್ಕೇಟ್‌ಬೋರ್ಡಿನ ಅಡಿಭಾಗಕ್ಕೆ ಹಸೆ ಚಿತ್ತಾರ: ಪೋಸ್ಕಾ ಪೆನ್ನು ಹೇಗಿದೆ?

ಅಂಗಡಿಯಲ್ಲಿ ನೋಡಿದ ಸ್ಕೇಟ್‌ಬೋರ್ಡ್‌ಗಳ ಮೇಲೆಲ್ಲ ತಲೆಬುರುಡೆ, ಬೆಂಕಿ, ಇಲ್ಲಾಂದ್ರೆ ಕಂಪನಿ ಹೆಸರು. ನನಗೆ ಮೂರೂ ಬೇಡ. ಅದಕ್ಕೇ ಪ್ರಿಂಟ್ ಇಲ್ಲದ, 8.25 ಇಂಚು ಅಗಲದ ಖಾಲಿ ಡೆಕ್, ಅಂದ್ರೆ ಬೋರ್ಡಿನ ಮರದ ಹಲಗೆ, ತಂದೆ. ಅಜ್ಜಿ ಮನೆ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಅಲ್ಲಿ ಮದುವೆ ಅಂದ್ರೆ ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆ ಮೇಲೆ, ಅಕ್ಕಿಯಿಂದ ಮಾಡಿದ ಬಿಳಿ ಬಣ್ಣದಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೆಯುತ್ತಾರೆ. ಆ ಎಳೆಗಳೇ ಬೋರ್ಡಿಗೂ ಬರಲಿ ಅನ್ನಿಸಿತು. "ಗೋಡೆಗೆ ಬರೆಯೋದನ್ನ ಕಾಲಡಿ ಹಾಕ್ತೀಯಲ್ಲೋ" ಅಂದರು ಅಜ್ಜಿ. ಕಾಲಿಡೋದು ಮೇಲ್ಗಡೆ ಅಜ್ಜಿ, ಚಿತ್ತಾರ ಇರೋದು ಅಡಿಗೆ ಅಂತ ಸಮಾಧಾನ ಮಾಡಿದೆ.

ಕೆಮ್ಮಣ್ಣಿನ ಬದಲು ಇಟ್ಟಿಗೆ ಬಣ್ಣದ ಅಕ್ರಿಲಿಕ್ ಬಳಿದೆ. ಅದಕ್ಕೂ ಮೊದಲು ಡೆಕ್ಕಿನ ನುಣುಪು ಹೋಗುವಷ್ಟು ಸಣ್ಣ ಉಪ್ಪುಕಾಗದ ಉಜ್ಜಿಕೊಳ್ಳಿ, ಇಲ್ಲದಿದ್ದರೆ ಬಣ್ಣ ಕಚ್ಚುವುದಿಲ್ಲ. ಎಳೆಗಳಿಗೆ ಪೋಸ್ಕಾ. ನೀರು ಬೆರೆತ ಬಣ್ಣದ ಪೆನ್ನು, ವಾಸನೆ ಇಲ್ಲ. ಚೆನ್ನಾಗಿ ಅಲ್ಲಾಡಿಸಿ, ರದ್ದಿ ಪೇಪರ್ ಮೇಲೆ ತುದಿಯನ್ನು ನಾಲ್ಕೈದು ಸಲ ಒತ್ತಿದರೆ ಬಣ್ಣ ಇಳಿಯುತ್ತದೆ. ಈ ಒತ್ತುವ ಕೆಲಸವನ್ನು ಡೆಕ್ ಮೇಲೇ ಮಾಡಬೇಡಿ, ಬಳಕ್ಕನೆ ಒಂದು ಬೊಟ್ಟು ಬೀಳುತ್ತದೆ. ನನ್ನ ಬೋರ್ಡಿನ ಬಾಲದ ಹತ್ತಿರ ಒಂದು ಹೂವು ಇದೆ ನೋಡಿ, ಅದು ಹಾಗೆ ಹುಟ್ಟಿದ್ದು. ತುದಿಯ ಗಾತ್ರದ ಮೇಲೆ ಪೋಸ್ಕಾದಲ್ಲಿ ಬೇರೆ ಬೇರೆ ನಮೂನೆ ಇವೆ: ದಪ್ಪ ಗೆರೆಗೆ ಪಿಸಿ-5ಎಂ, ಸಣ್ಣ ಎಳೆಗೆ ಪಿಸಿ-1ಎಂಆರ್ ಸಾಕು. ಕೆಂಪಿನ ಮೇಲೆ ಬಿಳಿ ಎಷ್ಟು ಗಟ್ಟಿಯಾಗಿ ಕೂತಿತು ಅಂದ್ರೆ ಎರಡನೇ ಸಲ ಎಳೆಯುವ ಕೆಲಸವೇ ಬೀಳಲಿಲ್ಲ. ಗೆರೆ ತಪ್ಪಿದರೆ ಒಣಗುವ ಮೊದಲೇ ಒದ್ದೆ ಬಟ್ಟೆಯಲ್ಲಿ ಒರೆಸಿ.

ನಾನು ಎಡವಿದ್ದು ಎರಡು ಕಡೆ, ಎರಡೂ ನನ್ನದೇ ತಪ್ಪು. ಒಂದು, ಮೇಲೆ ವಾರ್ನಿಷ್ ಅನ್ನು ಬ್ರಷ್‌ನಿಂದ ಹಚ್ಚಲು ಹೋದೆ, ಒಂದು ಮೂಲೆಯ ಬಿಳಿಯೆಲ್ಲ ಕಲಸಿ ಮಜ್ಜಿಗೆಯಾಯಿತು. ಪಾರದರ್ಶಕ ಸ್ಪ್ರೇ ತೆಗೆದುಕೊಳ್ಳಿ, ದೂರ ಹಿಡಿದು ತೆಳ್ಳಗೆ ಎರಡು ಮೂರು ಸಲ ಹೊಡೆಯಿರಿ. ಇನ್ನೊಂದು, ಮಧ್ಯರಾತ್ರಿವರೆಗೆ ಕೂತು ದಂಡಿಗೆಯಲ್ಲಿ (ಪಲ್ಲಕ್ಕಿ) ಮದುಮಗ ಮದುಮಗಳನ್ನು ಬರೆದೆನಲ್ಲ, ಟ್ರಕ್ (ಚಕ್ರ ಹಿಡಿದಿಡುವ ಲೋಹದ ಭಾಗ) ಕೂರಿಸಿದಾಗ ಅದರ ತಗಡು ಸರಿಯಾಗಿ ಮದುಮಗನ ಮೇಲೇ ಬಂತು. ಬೋಲ್ಟಿನ ಎಂಟು ತೂತು ಕಾಣುತ್ತಲೇ ಇದ್ದವು, ಆದರೂ ಹೊಳೆಯಲಿಲ್ಲ. ನೀವು ಮೊದಲೇ ಟ್ರಕ್ ಇಟ್ಟು ಪೆನ್ಸಿಲ್‌ನಲ್ಲಿ ಸುತ್ತ ಗುರುತು ಹಾಕಿಕೊಳ್ಳಿ.

ಮೇಲ್ಗಡೆ ಕಾಲು ಜಾರದಂತೆ ಅಂಟಿಸುವ ಗ್ರಿಪ್ ಟೇಪ್ ಮೇಲೂ ಪೋಸ್ಕಾ ಬರೆಯುತ್ತದೆ, ಆದರೆ ಅದು ಉಪ್ಪುಕಾಗದವೇ ಅಲ್ವಾ, ಪೆನ್ನಿನ ತುದಿ ನಾರುನಾರಾಗುತ್ತದೆ. ಅಲ್ಲಿಗೆ ಟೇಪನ್ನೇ ಬ್ಲೇಡಿನಲ್ಲಿ ಕೊಯ್ದು ನಡುವೆ ಮರ ಕಾಣುವ ಒಂದು ಓರೆ ಪಟ್ಟಿ ಬಿಟ್ಟೆ. ಸುಮ್ನೆ ಚೆಂದಕ್ಕಲ್ಲ, ಬೋರ್ಡಿನ ಮುಂದು ಯಾವುದು ಹಿಂದು ಯಾವುದು ಅಂತ ತಟ್ಟನೆ ಗೊತ್ತಾಗುತ್ತದೆ.

ಬಾಳಿಕೆ? ಸುಮ್ಮನೆ ರಸ್ತೆಯಲ್ಲಿ ಓಡಿಸುವವರಿಗೆ ಚಿಂತೆಯಿಲ್ಲ. ಕಂಬಿ, ಕಟ್ಟೆ ಮೇಲೆ ಬೋರ್ಡ್ ಜಾರಿಸುವವರು ಆಸೆ ಇಟ್ಟುಕೊಳ್ಳಬೇಡಿ, ಅಲ್ಲಿ ಕಾರ್ಖಾನೆ ಪ್ರಿಂಟೂ ಉಳಿಯುವುದಿಲ್ಲ. ಮೂರು ತಿಂಗಳಲ್ಲಿ ನನ್ನ ಬೋರ್ಡಿನ ನಡುವಿನ ಎಳೆಗಳು ಅರ್ಧ ಕೆರೆದು ಹೋಗಿವೆ, ಟ್ರಕ್ ಅಡಿಯ ಮದುಮಗ ಮಾತ್ರ ಹೊಸದಾಗಿದ್ದಾನೆ. ಭಾನುವಾರ ಕೂತು ಉಳಿದದ್ದನ್ನು ತಿದ್ದಬೇಕು. ಪೆನ್ನು ಅಗ್ಗವಲ್ಲ, ಹಾಗಾಗಿ ಪೂರ್ತಿ ಸೆಟ್ ಬೇಡ. ಬಿಳಿ ಎರಡು, ಕಪ್ಪು ಒಂದು ಬಿಡಿಯಾಗಿ ಕೊಳ್ಳಿ.